ಅಸಲಿ ಮುಚ್ಚಳ

3 ಫೆಬ್ರವರಿ 1996

ಮಾನ್ಯರೇ,

ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ನಮ್ಮ ಬೀದಿಯ ಗ್ಯಾರೇಜಿನವರು ನಿಮ್ಮ ವಿಳಾಸ ಕೊಟ್ಟರು. ಹಳೆಯ ಪೆಟ್ರೋಲ್ ಪಂಪಿನ ಯಾವ ಬಿಡಿಭಾಗ ತಂದಿಟ್ಟರೂ ಅದು ಯಾವ ವರ್ಷದ್ದು, ಅಸಲಿಯೋ ಆಮೇಲೆ ಹಾಕಿದ್ದೋ ಎಂದು ಹೇಳಬಲ್ಲವರು ನೀವೊಬ್ಬರೇ ಅಂತೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಈ ಕಬ್ಬಿಣದ ವ್ಯವಹಾರ ನನಗೆ ತಿಳಿಯದು. ನಮ್ಮೂರಿನ ಹೊರಗೆ ಮುಚ್ಚಿಹೋದ ಬಂಕ್ ಒಂದಿದೆ. ಅದರ ಪಂಪು ಈಗ ಟೈರ್ ಅಂಗಡಿಯ ಹಿಂದೆ ನಿಂತಿದೆ, ಅಂಗಡಿಯವರು ಅದಕ್ಕೆ ನಾಯಿ ಕಟ್ಟುತ್ತಾರೆ. ಒಂದು ಮಗ್ಗುಲು ಸುಟ್ಟುಹೋಗಿದೆ. ಸ್ವಿಚ್ ಪೆಟ್ಟಿಗೆಯ ದುಂಡು ಮುಚ್ಚಳವನ್ನು ಬಿಚ್ಚಿಸಿ ಮನೆಗೆ ತಂದಿಟ್ಟುಕೊಂಡಿದ್ದೇನೆ. ಅದು ಪಂಪಿನ ಜೊತೆಗೇ ಬಂದದ್ದೋ, ಮಧ್ಯದಲ್ಲಿ ಯಾರಾದರೂ ಬದಲಾಯಿಸಿದ್ದೋ? ನನಗೆ ಅಷ್ಟು ಗೊತ್ತಾದರೆ ಸಾಕು.

ಮಾರುವ ಯೋಚನೆ ಇದೆ. ದಯವಿಟ್ಟು ಬೇಗ ತಿಳಿಸಿ.

ಇಂತಿ,
ಹೊಲಿಗೆಯವಳು


15 ಫೆಬ್ರವರಿ 1996

ಅಮ್ಮಾ,

ನನ್ನನ್ನು ಇದುವರೆಗೆ ‘ಮಾನ್ಯರೇ’ ಎಂದು ಕರೆದವರು ತೆರಿಗೆ ಇಲಾಖೆಯವರು ಮಾತ್ರ. ನಿಮ್ಮ ಕಾಗದ ಬಿಚ್ಚುತ್ತಲೇ ಎದೆ ಧಸಕ್ಕೆಂದಿತು. ಇಲ್ಲಿ ಎಲ್ಲರೂ ನನ್ನನ್ನು ಪಂಪಣ್ಣ ಅನ್ನುತ್ತಾರೆ, ನೀವೂ ಹಾಗೇ ಅನ್ನಿ.

ನಾಯಿ ಕಟ್ಟುತ್ತಾರಾ? ಅಯ್ಯೋ ಪಾಪಿಗಳಾ! ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನನ್ನ ಹೆಂಡತಿ ನಗುತ್ತಾಳೆ, ನೀವೂ ನಗಬಹುದು. ಆದರೂ ಹೇಳುತ್ತೇನೆ, ಅಂಥ ಪಂಪು ಈಗ ಹುಡುಕಿದರೂ ಸಿಗದು.

ಕೆಲಸದ ಮಾತಿಗೆ ಬರುತ್ತೇನೆ. ಮುಚ್ಚಳವನ್ನು ಉಜ್ಜಬೇಡಿ, ತೊಳೆಯಬೇಡಿ, ಸೀಮೆಎಣ್ಣೆಯನ್ನು ಹತ್ತಿರಕ್ಕೂ ತರಬೇಡಿ. ಜನ ಹಳೇ ಸಾಮಾನನ್ನು ಫಳಫಳ ಹೊಳೆಸಿ ತರುತ್ತಾರೆ, ಜೊತೆಗೆ ಅದರ ವಯಸ್ಸನ್ನೂ ಉಜ್ಜಿ ಹಾಕಿರುತ್ತಾರೆ. ಪಂಪಿನಲ್ಲಿ ಸುಳ್ಳು ಹೇಳುವ ಭಾಗಗಳೇ ಜಾಸ್ತಿ. ಮೇಲಿನ ಗಾಜಿನ ಗೋಳ ಒಡೆದು ಬದಲಾಗುತ್ತೆ. ರಬ್ಬರ್ ಕೊಳವೆ ಸೀಳುತ್ತೆ. ಕಂಪನಿ ಕೈಬದಲಾದಾಗಲೆಲ್ಲ ಬಣ್ಣ ಬದಲಾಗುತ್ತೆ. ಹಿತ್ತಾಳೆಯ ನಂಬರ್ ಫಲಕವನ್ನು ಒಂದು ಪಂಪಿನಿಂದ ಕಿತ್ತು ಇನ್ನೊಂದಕ್ಕೆ ಹೊಡೆಯುವ ಪುಣ್ಯಾತ್ಮರೂ ಇದ್ದಾರೆ. ಎರಕದ ಕಬ್ಬಿಣ ಮಾತ್ರ ತನ್ನ ಹುಟ್ಟಿದ ವರ್ಷವನ್ನು ಮೈಮೇಲೆ ಹೊತ್ತುಕೊಂಡಿರುತ್ತೆ.

ನಿಮ್ಮ ಮುಚ್ಚಳದ ಒಳಮೈಯಲ್ಲಿ ಉಬ್ಬಿದ ಅಂಕಿಗಳಿರಬೇಕು. ಅದರ ಮೇಲೆ ಕಾಗದ ಹಾಸಿ, ಅಲುಗಾಡದಂತೆ ಹಿಡಿದು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿ, ಅಂಚಿನವರೆಗೂ. ಅಚ್ಚು ಮೂಡುತ್ತೆ, ಅದನ್ನು ಕಳಿಸಿ. ಸ್ಕ್ರೂಗಳ ತಲೆ ನೋಡಿ: ಒಂದೇ ಗೀರು ಇದ್ದರೆ ಹಳೆಯವು, ಒಂದರ ಮೇಲೊಂದು ಅಡ್ಡಲಾಗಿ ಎರಡು ಗೀರಿದ್ದರೆ ಆಮೇಲಿನವು. ಅಂಚು ನಯವಾಗಿದೆಯೇ ಎಂದೂ ಬರೆಯಿರಿ.

ಆ ಮುಚ್ಚಳ ಯಾಕೆ ಅಷ್ಟು ಭಾರ ಗೊತ್ತೇ? ಸ್ವಿಚ್ ಒತ್ತಿದಾಗಲೆಲ್ಲ ಒಳಗೆ ಕಿಡಿ ಹಾರುತ್ತೆ, ಹೊರಗೆ ಪೆಟ್ರೋಲ್ ಆವಿ ಸುಳಿದಾಡುತ್ತಿರುತ್ತೆ. ಮುಚ್ಚಳದ ಅಗಲವಾದ ಅಂಚು ಪೆಟ್ಟಿಗೆಗೆ ಅಂಟಿದಂತೆ ಕೂತರೆ ಒಳಗಿನ ಬೆಂಕಿ ಆ ಸಂದಿ ದಾಟುವಷ್ಟರಲ್ಲಿ ಸತ್ತುಹೋಗುತ್ತೆ. ಎಂಥಾ ತಲೆ ನೋಡಿ ಆ ಕಾಲದವರದ್ದು!

ಅಸಲಿ ಎಂದಾದರೆ ಕೊಳ್ಳುವವರು ನನಗೇ ಗೊತ್ತಿದ್ದಾರೆ. ಅಸಲಿಯೇ ಆಗಲಿ ಎಂದು ಹಾರೈಸುತ್ತೇನೆ.

ಪಂಪಣ್ಣ


1 ಮಾರ್ಚ್ 1996

ಪಂಪಣ್ಣನವರೇ,

ಬಟ್ಟೆ ಕತ್ತರಿಸುವ ಕಂದು ಕಾಗದದ ಮೇಲೆ ಮುಚ್ಚಳದ ಅಚ್ಚು ತೆಗೆದು, ಅಂಚಿನ ಗುಂಟ ದುಂಡಗೆ ಕತ್ತರಿಸಿ ಕಳಿಸಿದ್ದೇನೆ. ಮೂರು ಕಾಗದ ಕೆಟ್ಟವು, ಇದು ನಾಲ್ಕನೆಯದು. ಸ್ಕ್ರೂಗಳಿಗೆ ಒಂದೇ ಗೀರಿದೆ. ಅಂಚು ಸುಟ್ಟು ತುಕ್ಕು ಹಿಡಿದಿದೆ, ನಯವಾಗಿತ್ತೋ ಇಲ್ಲವೋ ನನ್ನ ಬೆರಳಿಗೆ ತಿಳಿಯುವುದಿಲ್ಲ.

ಒಂದು ಮಾತು ಕೇಳಲೇ? ಮುಚ್ಚಳ ಅಸಲಿಯಾಗಿದ್ದರೆ ಕಿಡಿ ಹೊರಗೆ ಬರುವುದೇ ಇಲ್ಲವೇ, ಯಾವ ಕಾಲಕ್ಕೂ? ಬೇರೆ ಯಾರೋ ಮಾಡಿದ ಮುಚ್ಚಳವಾಗಿದ್ದರೆ ಬರಬಹುದೇ?

ನನ್ನ ಅಪ್ಪ ಆ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದವರು. ಈಗ ಹಾಸಿಗೆ ಹಿಡಿದಿದ್ದಾರೆ, ಡಾಕ್ಟರು ಕೈಬಿಟ್ಟಿದ್ದಾರೆ. ಬೆಳಗಾದರೆ “ಪಂಪಣ್ಣನ ಕಾಗದ ಬಂತಾ ಮಗಾ?” ಎನ್ನುತ್ತಾರೆ. ಮೊದಲಿನ ಮುಚ್ಚಳ ಬಿರುಕು ಬಿಟ್ಟಿತ್ತು, ಬಂಕಿನ ಯಜಮಾನ ಅದನ್ನು ತೆಗೆಸಿ ಬೇರೆ ಹಾಕಿಸಿದ, ತಾನು ಸುತ್ತಿಗೆಯ ಸದ್ದು ಕೇಳಿದ್ದೆ ಎಂಬುದು ಅವರ ಮಾತು. ಆ ಮಾತು ನಿಜವೋ ಅಲ್ಲವೋ ಅವರಿಗೆ ತಿಳಿಯಬೇಕಂತೆ. ನೀವು ನೋಡಿ ಇದ್ದದ್ದನ್ನು ಇದ್ದಂತೆ ಬರೆಯಿರಿ.

ನಿಮ್ಮ ತಂಗಿಯಂಥವಳು


12 ಮಾರ್ಚ್ 1996

ತಂಗೀ,

ಅಸಲಿ! ಅಸಲಿ! ನೂರಕ್ಕೆ ನೂರು ಅಸಲಿ!

ನಿನ್ನ ಅಚ್ಚು ಕೈಗೆ ಬಂದಾಗ ನಾನು ಊಟಕ್ಕೆ ಕೂತಿದ್ದೆ, ಎಂಜಲು ಕೈಯಲ್ಲೇ ಎದ್ದೆ ಎಂದು ಮನೆಯವಳು ಬೈದಳು. ಎಷ್ಟು ಚೆನ್ನಾಗಿ ಉಜ್ಜಿದ್ದೀಯ! ನಡುವೆ ಒಂದು ತೆಳ್ಳನೆ ಗೆರೆ ಬಂದಿದೆ, ಕಾಗದ ಮಡಿಸಿದ್ದು ಇರಬೇಕು. ಅಂಕಿಗಳು ಮಾತ್ರ ಮುತ್ತು ಪೋಣಿಸಿದ ಹಾಗಿವೆ. ಮೊದಲ ಮೂರು ಅಚ್ಚಿನ ಸಂಖ್ಯೆ, ಆಮೇಲಿನ ಅಕ್ಷರ ಕಾರ್ಖಾನೆಯದು, ಕೊನೆಯ 37 ವರ್ಷ. ಆ ಏಳರ ಬಾಲ ನೋಡು, ಎಡಕ್ಕೆ ಸ್ವಲ್ಪ ಸೊಟ್ಟಗಿದೆ. ಆ ಸೊಟ್ಟ ಏಳು ಒಂದೇ ಕಾರ್ಖಾನೆಯದು, ಅದೂ ಎರಡನೇ ಮಹಾಯುದ್ಧಕ್ಕೆ ಮೊದಲಿನದು. ನನ್ನ ಕಪಾಟಿನಲ್ಲಿರುವ ಮುಚ್ಚಳದ ಮೇಲೂ ಅದೇ ಸೊಟ್ಟ ಏಳು. ಇವೆರಡೂ ಒಂದೇ ತಾಯಿಯ ಮಕ್ಕಳು.

ನೀನು ಕೇಳಿದ್ದಕ್ಕೆ ಉತ್ತರ: ಇಂಥ ಮುಚ್ಚಳ ಸರಿಯಾಗಿ ಕೂತಿದ್ದರೆ ಪೆಟ್ಟಿಗೆಯೊಳಗೆ ಸಿಡಿಲು ಹೊಡೆದರೂ ಹೊರಗೆ ಗೊತ್ತಾಗಲ್ಲ. ಕೊಳ್ಳುವವರಿಗೆ ಧೈರ್ಯವಾಗಿ ಹೇಳು.

ಹಿರಿಯರ ಜ್ಞಾಪಕ ಸ್ವಲ್ಪ ಎಡವಿದೆ, ಪಾಪ, ವಯಸ್ಸು. ಸುತ್ತಿಗೆಯ ಸದ್ದು ಬೇರೆ ಯಾವುದರದ್ದೋ ಇರಬೇಕು. ಈ ಕಾಗದವನ್ನು ಅವರ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದು. “ಹಿರಿಯರೇ, ಈ ಸಲ ನೀವು ಸೋತಿರಿ” ಎಂದು ಪಂಪಣ್ಣ ಹೇಳಿದ ಅನ್ನು. ನಕ್ಕಾರು, ನಕ್ಕರೆ ಅರ್ಧ ಕಾಯಿಲೆ ಹೋದೀತು.

ನಿನ್ನ ಅಣ್ಣ, ಪಂಪಣ್ಣ


20 ಏಪ್ರಿಲ್ 1996

ತಂಗೀ,

ಏನಮ್ಮಾ, ಉತ್ತರವೇ ಇಲ್ಲ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದುಕೊಂಡೆಯಾ? ತಮಾಷೆ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ.

ಹಳೇ ಪಂಪು ಕೂಡಿಡುವ ಶ್ರೀಮಂತರೊಬ್ಬರು ಬಂದಿದ್ದರು. ನಿನ್ನ ಅಚ್ಚು ತೋರಿಸಿದೆ, ಪಂಪು ಸಮೇತ ಬೇಕು ಅಂದರು. ಬೇರೆ ಯಾರಿಗಾದರೂ ಮಾತು ಕೊಟ್ಟಿದ್ದರೆ ಸಂಕೋಚಪಡದೆ ಹೇಳು. ಮಾತು ಆಡಿದರೆ ಹೋಯಿತು ಅಂತಾರೆ, ಕೊಟ್ಟ ಮೇಲೆ ಹಿಂದೆ ತೆಗೆದುಕೊಳ್ಳುವುದು ಬೇಡ.

ಹಿರಿಯರು ಹೇಗಿದ್ದಾರೆ? ನಕ್ಕರಾ?

ಪಂಪಣ್ಣ


2 ಮೇ 1996

ಮಾನ್ಯರೇ,

ಮುಚ್ಚಳವನ್ನು ಯಾರಿಗೂ ಮಾರಿಲ್ಲ. ಮಾರುವ ಯೋಚನೆ ಯಾವತ್ತೂ ಇರಲಿಲ್ಲ. ಅಪ್ಪ ಮಾರ್ಚ್ ಕೊನೆಯ ವಾರ ತೀರಿಕೊಂಡರು.

ನಿಮಗೆ ನಾನು ಪೂರ್ತಿ ಹೇಳಿರಲಿಲ್ಲ. ಹೇಳಿದರೆ ನೀವು ಕನಿಕರಪಟ್ಟು ನನಗೆ ಬೇಕಾದದ್ದನ್ನೇ ಬರೆದುಬಿಡುತ್ತೀರಿ ಎಂಬ ಅಂಜಿಕೆ ಇತ್ತು. ಹಾಗೆ ಬರೆದ ಕಾಗದ ನನಗೆ ಬೇಕಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಆ ಬಂಕಿಗೆ ಬೆಂಕಿ ಬಿತ್ತು. ಪೆಟ್ರೋಲ್ ಹಾಕಿಸಿಕೊಳ್ಳಲು ಬಂದಿದ್ದ ನನ್ನ ಸೋದರಮಾವ, ಅಮ್ಮನ ಒಬ್ಬನೇ ತಮ್ಮ, ಸ್ಕೂಟರಿನ ಮೇಲೇ ಸುಟ್ಟುಹೋದ. ಸ್ವಿಚ್ ಒತ್ತಿದ ಕೂಡಲೇ ಪೆಟ್ಟಿಗೆಯ ಕಡೆಯಿಂದ ಬೆಂಕಿ ಬಂತು ಎಂದು ಅಪ್ಪ ಹೇಳಿದರು. ವಿಚಾರಣೆಗೆ ಬಂದವರು ಮುಚ್ಚಳದ ಮೇಲಿನ ಅಂಕಿ ನೋಡಿ, ಪಂಪಿನ ಭಾಗಗಳೆಲ್ಲ ಕಂಪನಿಯವೇ, ಸರಿಯಾಗಿವೆ ಎಂದು ಬರೆದರು. ಅಪ್ಪನ ಜೇಬಿನಲ್ಲಿ ಸಿಗರೇಟು ಪೊಟ್ಟಣ ಸಿಕ್ಕಿತ್ತು. ಸೇದುತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಅಪ್ಪ ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಊರು ಅವರಿಗೆ ‘ಕಡ್ಡಿಗೀರಿದವನು’ ಎಂದು ಹೆಸರಿಟ್ಟಿತು.

ಊರಿನದು ಹೋಗಲಿ. ಮಾವನ ಹೆಣ ಮನೆಗೆ ಬಂದ ದಿನ ಅಮ್ಮ ಅಪ್ಪನಿಗೆ ಹೇಳಿದ್ದಳು: “ನಿಮ್ಮ ಬಾಯಿಂದ ನಿಜ ಬರೋವರೆಗೂ ನನ್ನ ಬಾಯಿಂದ ಮಾತು ಬರಲ್ಲ.” ಬರಲಿಲ್ಲ. ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು, ಮಾತಿಲ್ಲ. “ನಿಮ್ಮಪ್ಪನ್ನ ಊಟಕ್ಕೆ ಕರಿ”, “ನಿಮ್ಮಮ್ಮನಿಗೆ ನೀರು ಬಂತು ಅನ್ನು.” ಒಂದೇ ಕೋಣೆಯಲ್ಲಿ ಇಬ್ಬರ ನಡುವೆ ನಾನೇ ಟಪಾಲು. ಅವರು ಸಾಯುವ ಮೊದಲು ಅಮ್ಮ ಒಂದು ಮಾತಾಡಬೇಕು, ಅದಕ್ಕೆ ನನಗೆ ಆ ಮುಚ್ಚಳ ನಕಲಿಯಾಗಬೇಕಿತ್ತು.

ನಿಮ್ಮ ಕಾಗದವನ್ನು ಹಾಸಿಗೆಯ ಪಕ್ಕ ಕೂತು ಓದಿದೆ. ಸುಳ್ಳು ಓದಬಹುದಿತ್ತು, ಅಪ್ಪನಿಗೆ ಕಣ್ಣು ಮಂಜಾಗಿತ್ತು. ಆದರೆ ಮೊದಲ ಸಾಲಿನ ‘ಅಸಲಿ’ ಬಾಯಿಂದ ಬಂದೇಬಿಟ್ಟಿತು, ಅವರಿಗೆ ಗೊತ್ತಾಗಿಹೋಯಿತು. ‘ಈ ಸಲ ನೀವು ಸೋತಿರಿ’ ಎಂಬ ಸಾಲೊಂದನ್ನು ಮಾತ್ರ ಬಿಟ್ಟೆ.

ಅಪ್ಪ ಕಾಗದ ಇಸಿದುಕೊಂಡು ಬೆರಳಿನಿಂದ ಸವರಿದರು. ಆಮೇಲೆ, “ಅಷ್ಟು ತಿಳಿದೋರು ಹೇಳ್ತಾರೆ ಅಂದ್ರೆ ನಾನೇ ಇರ್ಬೇಕು ಮಗಾ. ಕೈಯಲ್ಲಿ ಸಿಗರೇಟು ಇತ್ತೇನೋ. ಇತ್ತು ಅನ್ಸುತ್ತೆ. ಇಷ್ಟು ವರ್ಷ ಸುಮ್ನೆ ಹಟ ಹಿಡಿದೆ” ಅಂದರು. ನಾನು ಬೇಡಪ್ಪಾ ಬೇಡಪ್ಪಾ ಎನ್ನುತ್ತಿದ್ದಂತೆ ಅಡುಗೆಮನೆ ಕಡೆ ತಿರುಗಿ ಅಮ್ಮನನ್ನು ಕೂಗಿದರು. “ಇಲ್ಲಿ ಬಾರೇ. ನಾನೇ ಕಣೇ ಹಚ್ಚಿದ್ದು. ನಿನ್ನ ತಮ್ಮನ್ನ ನಾನೇ ಸುಟ್ಟೆ.”

ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. “ಈ ಒಂದು ಮಾತಿಗೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?” ಎಂದಳು. ಅಷ್ಟೆಂದು ನೆಲಕ್ಕೆ ಕುಸಿದು ಅತ್ತಳು. ಅವತ್ತಿನಿಂದ ಅಪ್ಪ ಹೋಗುವವರೆಗೆ ಅವರ ತಲೆ ಅವಳ ತೊಡೆಯ ಮೇಲೇ ಇತ್ತು. ಗಂಜಿ ಕುಡಿಸಿದಳು, ಹಳೇ ಮಾತೆಲ್ಲ ತೆಗೆದಳು, ಮದುವೆಯ ದಿನದ್ದು, ನಾನು ಹುಟ್ಟಿದ್ದು. ಅಪ್ಪ ನಗುತ್ತಲೇ ಹೋದರು.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇದ್ದದ್ದನ್ನು ಬರೆಯಿರಿ ಎಂದಿದ್ದೆ, ಬರೆದಿರಿ. ಇನ್ನು ಬರೆಯಬೇಡಿ.

ಹೊಲಿಗೆಯವಳು


9 ಜೂನ್ 1996

ತಂಗೀ,

ಬರೆಯಬೇಡಿ ಎಂದು ನೀನು ಅಂದಿದ್ದೆ. ಆದರೂ ಬರೆಯುತ್ತಿದ್ದೇನೆ, ಬೈಯಬೇಕಾದರೆ ಬೈ. ನಿನ್ನ ಕಾಗದ ಓದಿದ ಮೇಲೆ ಕೈಗೆ ಸ್ಪ್ಯಾನರ್ ತೆಗೆದುಕೊಳ್ಳಲು ಮನಸ್ಸಾಗಿಲ್ಲ.

ಒಂದು ಉಪಕಾರ ಮಾಡು. ಮುಚ್ಚಳವನ್ನು ಅಂಚಿನಿಂದ ಅಂಚಿಗೆ, ಸರಿಯಾಗಿ ನಡು ಹಾದು ಅಳೆದು ಕಳಿಸು. ಬಟ್ಟೆಯ ಟೇಪು ಬೇಡ, ಅದು ಜಗ್ಗುತ್ತೆ. ಸ್ಟೀಲ್ ಸ್ಕೇಲಿನಿಂದ ಅಳೆ. ಅಚ್ಚಿನಲ್ಲಿ ಮೂಡಿದ್ದ ಗೆರೆ ಕಬ್ಬಿಣದ ಮೇಲೂ ಇದೆಯೇ ನೋಡು. ಇದ್ದರೆ, ಮುಚ್ಚಳವನ್ನು ದಾರದಲ್ಲಿ ತೂಗುಹಾಕಿ ಚಮಚದಿಂದ ತಟ್ಟು. ಗಣ್ ಎನ್ನುತ್ತೋ, ದಡ್ ಎನ್ನುತ್ತೋ?

ನಮ್ಮ ಕಸುಬಿನವರ ಚಾಳಿ, ಅಷ್ಟೇ. ಬೇರೆ ಏನೂ ಇಲ್ಲ.

ಪಂಪಣ್ಣ


18 ಜೂನ್ 1996

ಇನ್ನೂರ ಐವತ್ತೊಂದೂವರೆ ಮಿಲಿಮೀಟರ್. ಎರಡು ಸಲ ಅಳೆದೆ.

ಗೆರೆ ಕಬ್ಬಿಣದ ಮೇಲೆ ಇದೆ, ಅಂಕಿಯ ಪಕ್ಕದಿಂದ ಅಂಚಿನವರೆಗೆ. ಉಗುರು ಆಡಿಸಿದರೆ ಸಣ್ಣ ತಗ್ಗು. ನಾನೂ ಕಾಗದದ ಮಡಿಕೆ ಎಂದೇ ತಿಳಿದಿದ್ದೆ. ತಟ್ಟಿದರೆ ಗಣ್ ಎನ್ನುತ್ತೆ, ಬಹಳ ಹೊತ್ತು ಎನ್ನುತ್ತೆ. ಅಮ್ಮ ಒಳಗಿನಿಂದ “ಏನದು ಸದ್ದು?” ಎಂದು ಕೇಳಿದಳು.

ಬೇರೆ ಏನೂ ಇಲ್ಲ ಎಂದು ಯಾರಾದರೂ ಬರೆದರೆ ಏನೋ ಇದೆ ಎಂದರ್ಥ. ಏನು?


27 ಜೂನ್ 1996

ತಂಗೀ,

ನಿನ್ನ ಅಪ್ಪ ಹೇಳಿದ್ದು ನಿಜ. ಆ ಮುಚ್ಚಳ ನಕಲಿ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ ಒಬ್ಬ. ಆ ಮೂರ್ಖ ನಾನೇ. ಅಂಕಿ ನೋಡಿದೆ, ಸೊಟ್ಟ ಏಳು ನೋಡಿದೆ, ಕುಣಿದೆ. ಅಳೆಯಲಿಲ್ಲ. ನನ್ನ ಬಳಿ ಕೆಲಸ ಕಲಿತವರಿಗೆಲ್ಲ ‘ಮೊದಲು ಅಳತೆ, ಆಮೇಲೆ ಅಂಕಿ’ ಎಂದು ಕಿವಿ ಹಿಂಡಿದವನು ನಾನು.

ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತೆ, ಹೊಸ ಬಟ್ಟೆಯನ್ನು ನೀರಿಗೆ ಹಾಕಿದ ಹಾಗೆ. ಕಾರ್ಖಾನೆಯವರಿಗೆ ಅದು ಗೊತ್ತು. ಅದಕ್ಕೇ ಮರದ ಮಾದರಿಯನ್ನು ನೂರಕ್ಕೆ ಒಂದು ಪಾಲು ದೊಡ್ಡದಾಗಿ ಮಾಡುತ್ತಾರೆ. ಮಾದರಿ ಇಲ್ಲದವನು ಏನು ಮಾಡುತ್ತಾನೆ? ಹಳೇ ಮುಚ್ಚಳವನ್ನೇ ಮರಳಿನಲ್ಲಿ ಒತ್ತಿ ಅಚ್ಚು ಮಾಡಿ ಎರಕ ಹೊಯ್ಯುತ್ತಾನೆ. ಅಂಕಿ ಬರುತ್ತೆ, ವರ್ಷ ಬರುತ್ತೆ, ಸೊಟ್ಟ ಏಳೂ ಬರುತ್ತೆ, ಎಲ್ಲ ಬರುತ್ತೆ. ಒಂದು ಪಾಲು ಚಿಕ್ಕದಾಗಿ ಬರುತ್ತೆ. ಅಳತೆಯ ಅಂಗಿಯನ್ನೇ ಬಟ್ಟೆಯ ಮೇಲೆ ಹಾಸಿ, ಹೊಲಿಗೆಗೆ ಜಾಗ ಬಿಡದೆ ಕತ್ತರಿಸಿದರೆ ಏನಾಗುತ್ತೆ, ನಿನಗೆ ನಾನು ಹೇಳಬೇಕೇ? ನನ್ನ ಅಸಲಿ ಮುಚ್ಚಳ ಇನ್ನೂರ ಐವತ್ತನಾಲ್ಕು. ನಿನ್ನದು ಎರಡೂವರೆ ಕಮ್ಮಿ.

ನಿನ್ನ ಅಪ್ಪನ ಸುದ್ದಿ ಬಂದ ಮೇಲೆ ಆ ಕಂದು ಕಾಗದವನ್ನು ಕಣ್ಣಿಗೆ ಬೀಳದ ಕಡೆ ಇಡೋಣವೆಂದು ಕಪಾಟು ತೆಗೆದೆ. ಕೈ ಜಾರಿ ಅದು ನನ್ನ ಮುಚ್ಚಳದ ಮೇಲೆ ಬಿತ್ತು. ನೀನು ಉಜ್ಜಿದ ದುಂಡಿನ ಸುತ್ತ ಕಬ್ಬಿಣದ ಅಂಚು ಇಣುಕುತ್ತಿತ್ತು. ಆಗಲೇ ನಿನಗೆ ಅಳತೆ ಕೇಳಿ ಬರೆದೆ.

ಆ ಗೆರೆಯೂ ಅಷ್ಟೇ. ನಿಜವಾದ ಬಿರುಕಿದ್ದರೆ ಕಬ್ಬಿಣ ದಡ್ ಎನ್ನಬೇಕು. ನಿನ್ನದು ಗಣ್ ಎಂದಿತು. ಗಾಯ ಅದರದ್ದಲ್ಲ, ಅಪ್ಪ ಹೇಳಿದ ಬಿರುಕುಬಿಟ್ಟ ಹಳೇ ಮುಚ್ಚಳದ್ದು. ಅದನ್ನೇ ಮಾದರಿಯಾಗಿಟ್ಟು ಹೊಯ್ದಿದ್ದಾರೆ. ಹಾಗೆ ಹೊಯ್ದ ಮುಚ್ಚಳ ಪೆಟ್ಟಿಗೆಗೆ ಸರಿಯಾಗಿ ಕೂರುವುದು ಎಲ್ಲಿಂದ ಬರಬೇಕು? ಸ್ಕ್ರೂ ತೂತುಗಳೂ ಒಳಕ್ಕೆ ಸರಿದಿರುತ್ತವೆ, ಬಡಿದು ಬಡಿದು ಕೂರಿಸಿರುತ್ತಾರೆ. ಅಪ್ಪ ಕೇಳಿದ ಸುತ್ತಿಗೆ ಅದೇ. ಸಂದಿಯಿಂದ ಕಿಡಿ ಬಂದದ್ದರಲ್ಲಿ ನನಗೆ ಸಂಶಯವಿಲ್ಲ.

ಹೇಳದೆ ಬಿಡಿ, ಸತ್ತವರಿಗೆ ಇನ್ನೇನಾಗಬೇಕು ಎಂದಳು ನನ್ನ ಹೆಂಡತಿ. ನನ್ನಿಂದ ಆಗಲಿಲ್ಲ. ನನ್ನ ಕಾಗದ ನಂಬಿ ಆ ಪುಣ್ಯಾತ್ಮ ಮಾಡದ ತಪ್ಪನ್ನು ಒಪ್ಪಿಕೊಂಡು ಹೋದರು. ಯಾವ ಕಚೇರಿಗೆ ಕರೆದರೂ ಬಂದು ಎರಡು ಮುಚ್ಚಳವನ್ನೂ ಮೇಜಿನ ಮೇಲಿಟ್ಟು ಸಾಕ್ಷಿ ಹೇಳುತ್ತೇನೆ. ಪತ್ರಿಕೆಯವರಿಗೂ ಹೇಳುತ್ತೇನೆ. ನೀನು ಹೂಂ ಅನ್ನು.

ಅಮ್ಮನಿಗೆ ಈ ಕಾಗದವನ್ನು ಗಟ್ಟಿಯಾಗಿ ಓದು ಎನ್ನುವ ಧೈರ್ಯ ಈ ಸಲ ನನಗಿಲ್ಲ. ನಿನಗೆ ತೋಚಿದ್ದು ಮಾಡು.

ಪಂಪಣ್ಣ


4 ಸೆಪ್ಟೆಂಬರ್ 1996

ಅಣ್ಣಾ,

ನಿಮ್ಮ ಕಾಗದ ಬಂದ ದಿನ ಬಾಗಿಲು ಹಾಕಿಕೊಂಡು ಅತ್ತೆ. ಖುಷಿಗೋ ದುಃಖಕ್ಕೋ ನನಗೇ ತಿಳಿಯಲಿಲ್ಲ. ನಮ್ಮಪ್ಪ ಹಚ್ಚಲಿಲ್ಲ. ಈ ಮಾತನ್ನು ಒಬ್ಬಳೇ ಕನ್ನಡಿಯ ಮುಂದೆ ನಿಂತು ಎಷ್ಟು ಸಲ ಹೇಳಿಕೊಂಡೆನೋ.

ಅಮ್ಮನಿಗೆ ಓದಬೇಕೆಂದು ಹೊರಟೆ. ಅವಳು ಅಪ್ಪನ ಮಂಚದ ಮೇಲೆ ಕೂತು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು, ಹೇಗೆ ಅವರು ಒಪ್ಪಿಕೊಂಡರು, ಹೇಗೆ ಇವಳು ‘ಆಯ್ತು ಬಿಡಿ, ಆಗಿದ್ದು ಆಗೋಯ್ತು’ ಎಂದಳು, ಹೇಗೆ ಇವಳ ಕೈಯಿಂದ ಗಂಜಿ ಕುಡಿದರು. ಆ ಮಾತನ್ನು ದಿನಾ ಹೇಳುತ್ತಾಳೆ, ಹಾಲಿನವನಿಗೂ ಹೇಳುತ್ತಾಳೆ. ಈ ಮನೆಯಲ್ಲಿ ಅವಳ ದನಿ ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ರಾತ್ರಿ ನಿದ್ದೆ ಮಾಡುತ್ತಾಳೆ. ನಾನು ಹಿಂದಕ್ಕೆ ಬಂದೆ. ಇನ್ನೊಂದು ದಿನ ಹೋದೆ, ಮತ್ತೆ ಬಂದೆ.

ಓದಿದರೆ ಅವಳಿಗೆ ಏನು ಉಳಿಯುತ್ತೆ ಅಣ್ಣಾ? ತಪ್ಪೇ ಮಾಡದ ಗಂಡನ ಜೊತೆ ಇಪ್ಪತ್ತೆರಡು ವರ್ಷ ಮಾತು ಬಿಟ್ಟಿದ್ದೆ, ಕೊನೆಗೆ ಸುಳ್ಳು ಹೇಳಿಸಿ ಕ್ಷಮಿಸಿದೆ ಅನ್ನುವುದೊಂದೇ. ಅಪ್ಪನನ್ನು ಬಿಡಿಸಬೇಕಾದರೆ ಅಮ್ಮನನ್ನು ಒಳಗೆ ಹಾಕಬೇಕು. ಅಪ್ಪ ಸತ್ತಿದ್ದಾರೆ. ಇವಳು ಬದುಕಿದ್ದಾಳೆ.

ಅದಕ್ಕೇ ಹೂಂ ಎನ್ನಲಾರೆ. ಕಚೇರಿಗೂ ಬೇಡ, ಪತ್ರಿಕೆಗೂ ಬೇಡ. ಆ ಬಂಕಿನ ಯಜಮಾನ ಸುಖವಾಗಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾನೆ, ಬೀದಿಯಲ್ಲಿ ಸಿಕ್ಕರೆ ನನ್ನ ಹೊಟ್ಟೆ ಉರಿಯುತ್ತೆ. ಉರಿಯಲಿ. ಅಮ್ಮ ಇರುವಷ್ಟು ದಿನ ಈ ವಿಷಯ ನಿಮ್ಮ ಮನೆ ಮತ್ತು ನನ್ನ ಹೊಟ್ಟೆ ಬಿಟ್ಟು ಬೇರೆಲ್ಲೂ ಹೋಗಕೂಡದು. ಆಣೆ ಇಡಿಸುತ್ತಿಲ್ಲ, ಕೇಳಿಕೊಳ್ಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನಿಮ್ಮ ಲಕೋಟೆ ಹೊಲಿಗೆ ಯಂತ್ರದ ಮೇಲಿತ್ತು. ಅಮ್ಮನಿಗೆ ಓದಲು ಬಾರದು, ಅಂಚೆಯ ಮುದ್ರೆ ಗುರುತಿಸಿದಳು. “ಆ ಪಂಪಿನೋನದಾ? ಏನಂತೆ ಮತ್ತೆ?” ಎಂದಳು.

“ಏನಿಲ್ಲಮ್ಮ. ಮುಚ್ಚಳ ಇನ್ನೊಂದ್ಸಲ ನೋಡಿದ್ರಂತೆ. ಅಸಲೀನೇ ಅಂತೆ” ಎಂದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋಡಿದ್ಯಾ” ಎಂದಳು, “ಹೋಗೋವಾಗಲಾದ್ರೂ ನಿಜ ಹೇಳಿ ಹೋದ್ರು ನಿಮ್ಮಪ್ಪ.”

ನಿಮ್ಮ ತಂಗಿ